ಎಚ್ಚರಿಕೆ ಬಂದ ಮಂಗಳವಾರ

ದೊರೆ ಸತ್ತು ಮೂರು ತಿಂಗಳಾಗಿತ್ತು. ದೊರೆ ಎಂದರೆ ಕ್ಷೌರಿಕನ ಮನೆಯ ನಾಯಿ. ಅಂಗಡಿ ಬಾಗಿಲಲ್ಲಿ ಕುಳಿತು, ಕೂದಲು ಕತ್ತರಿಸಿಕೊಂಡು ಹೊರಟವರನ್ನೆಲ್ಲ ಮೂಸಿ ನೋಡಿಯೇ ಕಳಿಸುತ್ತಿದ್ದ ಮಹಾಶಯ. ಪ್ಯಾಕೆಟ್ ಆಹಾರದಲ್ಲಿ ವಿಷ ಬೆರೆತಿತ್ತು. ಮೂತ್ರಪಿಂಡ ಕೆಟ್ಟು ನಾಲ್ಕೇ ದಿನದಲ್ಲಿ ಪ್ರಾಣ ಬಿಟ್ಟ. ಹೀಗೆ ನಾಯಿ ಕಳೆದುಕೊಂಡ ಹನ್ನೊಂದು ಮನೆಯವರು ಸೇರಿ ಕಂಪನಿಯ ಮೇಲೆ ಪರಿಹಾರದ ದಾವೆ ಹೂಡಿದ್ದರು. ಎಲ್ಲರಿಗಿಂತ ಮುಂದೆ ನಿಂತವಳು ಕ್ಷೌರಿಕನ ಹೆಂಡತಿ.

ವಕೀಲರಮ್ಮನ ಕೋಣೆಯಲ್ಲಿ ಫೈಲುಗಳ ನಡುವೆ ಮೂರು ಕುರ್ಚಿಗೆ ಹೇಗೋ ಜಾಗವಿತ್ತು. ಪ್ಯಾಕೆಟ್ ಮಾರಿದ ಅಂಗಡಿಯವನು ಆ ಆಹಾರ ಹಾಕಬೇಡಿ ಎಂದು ಗಿರಾಕಿಗಳ ಫೋನಿಗೆ ಎಚ್ಚರಿಕೆ ಕಳಿಸಿದ್ದನಂತೆ. ಅದನ್ನು ಓದಿದ ಮೇಲೂ ನಾಯಿಗೆ ಹಾಕಿದ್ದರೆ ಕಂಪನಿ ಕೈತೊಳೆದುಕೊಳ್ಳುತ್ತದೆ, ನಿಮಗೆ ಅದು ಬಂದಿತ್ತೇ ಎಂದು ವಕೀಲರಮ್ಮ ಕೇಳಿದರು.

ಕ್ಷೌರಿಕನ ಫೋನಿಗೆ ಬಂದಿತ್ತು. ಮಂಗಳವಾರ, ಒಬ್ಬರ ಕೆನ್ನೆಗೆ ನೊರೆ ಹಚ್ಚಿ ಕತ್ತಿ ಹಿಡಿದಿದ್ದಾಗ. ಎಡಗೈಯಲ್ಲೇ ಫೋನು ಹಿಡಿದು ಓದಿ, ಮನೆಗೆ ಹೋದ ಮೇಲೆ ಹೇಳಿದರಾಯಿತು ಎಂದುಕೊಂಡ. ಆಮೇಲೆ ಗಿರಾಕಿಯ ಮೇಲೆ ಗಿರಾಕಿ. ಯಾರ ಮೀಸೆ ಎಷ್ಟುದ್ದ ಇರಬೇಕೆಂದು ವರ್ಷಗಟ್ಟಲೆ ನೆನಪಿಡುವ ಮನುಷ್ಯ, ಇದೊಂದನ್ನು ಮರೆತ. ನಾಯಿ ಸತ್ತ ದಿನ ನೆನಪಾಗಿ, ಹೆದರಿ, ಸಂದೇಶವನ್ನು ಅಳಿಸಿಹಾಕಿದ. ಅಂದಿನಿಂದ ಹೆಂಡತಿ ಕಂಪನಿಗೆ ಹಿಡಿಶಾಪ ಹಾಕುವಾಗಲೆಲ್ಲ ಹೂಂಗುಟ್ಟುತ್ತ ಬಂದಿದ್ದ.

"ನಮಗ್ಯಾರೂ ಹೇಳಲೇ ಇಲ್ಲಮ್ಮ," ಎಂದಳು ಹೆಂಡತಿ. "ದೊರೆ ವಾಸನೆಗೇ ಮುಖ ತಿರುಗಿಸ್ದ. ನಾನೇ ಬಾಯಿಗಿಟ್ಟು ತಿನ್ನಿಸ್ದೆ. ಗೊತ್ತಿದ್ದಿದ್ರೆ ತಿನ್ನಿಸ್ತಿದ್ನಾ? ಇದನ್ನೂ ಬರ್ಕೊಳ್ಳಿ."

ವಕೀಲರಮ್ಮ ಬರೆದುಕೊಂಡರು. ಸಂದೇಶ ತಲುಪಿಲ್ಲ ಎಂಬ ಸಾಲಿನ ಕೆಳಗೆ ಸಹಿ ಹಾಕಲು ಕಾಗದವನ್ನು ಕ್ಷೌರಿಕನತ್ತ ಸರಿಸಿದರು. ಹಾಕಿದರೆ ಮುಗಿಯಿತು, ಕೇಳುವವರಿಲ್ಲ. ಹೆಂಡತಿ ಅಂಗೈಯಿಂದ ಕಣ್ಣೊರೆಸಿಕೊಂಡು ಆ ಕೈಯನ್ನೇ ನೋಡುತ್ತ ಕುಳಿತಿದ್ದಳು. ಮೂರು ತಿಂಗಳಿಂದ ಅವಳು ತನ್ನ ಕೈಯನ್ನು ಹೀಗೇ ನೋಡುತ್ತಿದ್ದಳು, ಅವನು ಅದನ್ನು ನೋಡಿಯೂ ಸುಮ್ಮನಿದ್ದ. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಪೆನ್ನು ಕೆಳಗಿಟ್ಟ.

"ಬಂದಿತ್ತು," ಎಂದ. "ಮಂಗಳವಾರ. ಓದಿದ್ದೆ. ಇವಳಿಗೆ ಹೇಳೋದು ಮರೆತೆ."

ವಕೀಲರಮ್ಮ ಬರೆದದ್ದನ್ನು ಹೊಡೆದುಹಾಕಿದರು. ಹೆಂಡತಿ ದಾವೆಯ ಗತಿ ಏನೆಂದು ಕೇಳಲಿಲ್ಲ.

"ನಾನು ಬಾಯಿಗಿಟ್ಟಿದ್ದು ಬುಧವಾರ," ಎಂದಳು ಮೆಲ್ಲಗೆ. "ಅವನ ತಲೆ ಅಲ್ಲಾಡದ ಹಾಗೆ ಹಿಡ್ಕೊಂಡಿದ್ದೋರು ನೀವೇ ಅಲ್ವೇನ್ರೀ?"