ಮಗುಚಿ ಹಾಕಿದ ಫ್ಲೆಕ್ಸ್

ಆರ್ನಿಲ್ ಊರು ಬಿಟ್ಟಿದ್ದು ಟಿವಿಯಲ್ಲಿ. ಹುಟ್ಟೂರು ಸಾನ್ ತೆಲ್ಮೋದ ಬ್ಯಾಸ್ಕೆಟ್‌ಬಾಲ್ ತಂಡ ಬಿಟ್ಟು, ಹೊಳೆಯಾಚೆಯ ಬದ್ಧವೈರಿ ಕಬಾತಾನ್ ತಂಡ ಸೇರುತ್ತೇನೆಂದು ಕ್ಯಾಮೆರಾ ಮುಂದೆ ಹೇಳಿ, ಎದೆ ಮುಟ್ಟಿಕೊಂಡು ಅತ್ತ. ಎಲ್ಲಿ ಗಂಟಲು ಕಟ್ಟಬೇಕು, ಎಲ್ಲಿ ಕಣ್ಣೊರೆಸಬೇಕು ಎಂಬುದನ್ನೆಲ್ಲ ಮ್ಯಾನೇಜರ್ ಮೊದಲೇ ಹೇಳಿಕೊಟ್ಟಿದ್ದ. ಅಲ್ಲಿಯವರೆಗೆ ಯಾರ ಹತ್ತಿರವೂ ಬಾಯಿ ಬಿಡಬೇಡ ಎಂದೂ ಹೇಳಿದ್ದ. ಹಾಗಾಗಿ ಆಟದ ಅಂಗಳದ ಪಕ್ಕ ಬಾಳೆಹಣ್ಣು ಕರಿದು ಮಾರುವ ಅವನ ತಾಯಿ ಬಸಿಲಿಯಾಗೂ ಸುದ್ದಿ ಗೊತ್ತಾದದ್ದು ಗಿರಾಕಿಗಳ ಜೊತೆ ನಿಂತು ಟಿವಿ ನೋಡುವಾಗಲೇ. ಆಮೇಲೆ ಆಕೆ ಮಗನ ಫೋನ್ ಎತ್ತಲಿಲ್ಲ.

ಕೆಲವು ದಿನ ಕಾದು ಆರ್ನಿಲ್ ಮಾಸ್ಕ್, ಟೋಪಿ ಹಾಕಿಕೊಂಡು ಊರಿಗೆ ಬಂದ. ಅಮ್ಮನನ್ನು ಸಮಾಧಾನ ಮಾಡಬೇಕಿತ್ತು. ಜೊತೆಗೆ, ಸುಳ್ಳೇಕೆ, ಊರು ತನ್ನ ಮೇಲೆ ಎಷ್ಟು ಉರಿದುಬಿದ್ದಿದೆ ಎಂದು ಕಣ್ಣಾರೆ ನೋಡುವ ಚಪಲವೂ ಇತ್ತು. ದೊಡ್ಡ ಆಟಗಾರರು ತಂಡ ಬಿಟ್ಟಾಗ ಜನ ಅವರ ಜೆರ್ಸಿಯನ್ನು ನಡುಬೀದಿಯಲ್ಲಿ ಸುಡುತ್ತಾರೆ. ತನ್ನದನ್ನೂ ಸುಟ್ಟಿರಬಹುದೆಂಬ ಆಸೆ ಅವನಿಗೆ.

ಊರಿನ ಪೊಲ್ದೊ ಓಡಿಸುವ ಟ್ರೈಸಿಕಲ್, ಅಂದರೆ ಮೂರು ಚಕ್ರದ ಬಾಡಿಗೆ ಗಾಡಿ, ಹತ್ತಿದ. ಜೋರು ಮಳೆ. ಇಳಿಬಿಟ್ಟ ಮಳೆಪರದೆಯ ಒಳಮೈಯಲ್ಲಿ ಅವನದೇ ಮುಖ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ, ನಗುತ್ತಿತ್ತು. ಪಕ್ಕದಲ್ಲಿ ಅದಕ್ಕಿಂತ ದೊಡ್ಡದಾಗಿ ಊರಿನ ಮುಖಂಡ ಕಪಿತಾನ್ ಕ್ರಿಸ್ಪುಲೋನ ಮುಖ. ಆರ್ನಿಲ್ ಗೆದ್ದಾಗಲೆಲ್ಲ ಕಪಿತಾನ್ ಅಭಿನಂದನೆಯ ಫ್ಲೆಕ್ಸ್ ಕಟ್ಟಿಸುತ್ತಿದ್ದ. ಹೊಸದು ಬಂದಾಗ ಹಳೆಯದು ಯಾರದೋ ಸೂರಿಗೋ ಹಂದಿಗೂಡಿಗೋ ಗಾಡಿಯ ಪರದೆಗೋ ಹೋಗುತ್ತಿತ್ತು.

"ಇದನ್ಯಾಕೆ ಒಳಮುಖ ಹಾಕಿದೀರಣ್ಣ?" ಎಂದು ಕೇಳಿದ.

"ಕಪಿತಾನ್ ಅಪ್ಪಣೆ. ಆ ದ್ರೋಹಿ ಮೋರೆ ಬೀದೀಲಿ ಕಾಣ್ಬಾರ್ದಂತೆ. ಈ ಮಳೇಲಿ ಸೂರು ಕಿತ್ತು ಬಿಸಾಕೋಕಾಗುತ್ತಾ? ಎಲ್ರೂ ಮಗುಚಿ ಹಾಕ್ಕೊಂಡ್ವಿ."

"ಜೆರ್ಸಿ ಸುಡ್ಲಿಲ್ವಾ?"

"ಒಳ್ಳೇ ಬಟ್ಟೆ ಸುಡೋಕೆ ನಮಗೇನು ಹುಚ್ಚಾ? ನಮ್ಮವಳು ಅದ್ರಲ್ಲೇ ನೆಲ ಒರೆಸ್ತಾಳೆ."

ಆರ್ನಿಲ್‌ನ ಮುಖ ಸಪ್ಪಗಾಯಿತು. ದಾರಿಯುದ್ದಕ್ಕೂ ಸೂರುಗಳೆಲ್ಲ ಬೋಳು ಬಿಳಿ. ಊರು ಅವನನ್ನು ಬೀದಿಯಿಂದ ಓಡಿಸಿ ಮನೆಮನೆಯ ಒಳಗೆ ಕೂರಿಸಿಕೊಂಡಿತ್ತು.

ಇಳಿಯುವಾಗ ಪೊಲ್ದೊ ಹೇಳಿದ: "ಇನ್ನಾದ್ರೂ ಮಾಸ್ಕ್ ತೆಗಿಯಪ್ಪ. ಆ ಎತ್ತರ ಇಟ್ಕೊಂಡು ಯಾರ ಕಣ್ಣಿಗೆ ಮಣ್ಣೆರಚ್ತೀಯ?"

ಆರ್ನಿಲ್ ಮಾಸ್ಕ್ ತೆಗೆದು ಜೇಬಿಗಿಟ್ಟ. ಅಮ್ಮನ ಅಂಗಡಿಯ ಸೂರೂ ಬಿಳಿಯಾಗಿತ್ತು. ಈಗ ಮಾತ್ರ ಅವನಿಗೆ ನಿಜವಾಗಿ ನೋವಾಯಿತು. ಊರು ಮಗುಚಿದರೆ ಮಗುಚಲಿ, ಹೆತ್ತವಳೂ ಮಗುಚಿಬಿಟ್ಟಳಲ್ಲ! "ಅಮ್ಮಾ" ಎಂದ. ಬಸಿಲಿಯಾ ಬಾಣಲೆಯಿಂದ ತಲೆ ಎತ್ತಲಿಲ್ಲ.

ಅಷ್ಟರಲ್ಲಿ ಕೊಡೆ ಹಿಡಿದು ಕಪಿತಾನ್ ಓಡೋಡಿ ಬಂದ. ಮುಂದಿನ ತಿಂಗಳು ಚುನಾವಣೆ. ತನ್ನ ಅಪ್ಪಣೆಯಿಂದ ತನ್ನ ಮುಖವೇ ಊರಿನಿಂದ ಮಾಯವಾಗಿದೆ ಎಂಬುದು ಅವನಿಗೆ ಅಂದು ಬೆಳಿಗ್ಗೆಯಷ್ಟೇ ಹೊಳೆದಿತ್ತು. "ನನ್ನ ಮುಖಾನೂ ಒಳಗೆ ಹೋಯ್ತಲ್ರೋ!" ಎಂದ.

"ಹೂಂ ಮತ್ತೆ," ಎಂದಳು ಬಾಳೆಹಣ್ಣು ಕೊಳ್ಳಲು ನಿಂತ ಹೆಂಗಸೊಬ್ಬಳು. "ಮಲಗಿದ್ರೆ ಮೇಲಿಂದ ನೀವೇ ದುರುಗುಟ್ಟಿ ನೋಡ್ತೀರ, ಕಪಿತಾನ್. ಬಟ್ಟೆ ಬದಲಾಯಿಸೋಕೂ ನಾಚಿಕೆ ನಮಗೆ."

ಕಪಿತಾನ್ ಆರ್ನಿಲ್‌ನನ್ನು ತಬ್ಬಿಕೊಂಡ. "ಎಲ್ಲೇ ಆಡಿದ್ರೂ ಇವ್ನು ನಮ್ಮ ಹುಡುಗ! ಊರು ಇವನನ್ನ ಕ್ಷಮಿಸಿದೆ. ಎಲ್ರೂ ಫ್ಲೆಕ್ಸ್ ತಿರುಗಿಸಿ!"

ಆರ್ನಿಲ್ ಹಿಗ್ಗಿಹೋದ. ಸ್ಟೂಲ್ ಹತ್ತಿ ಅಮ್ಮನ ಸೂರಿನ ಹಗ್ಗಕ್ಕೆ ಕೈ ಹಾಕಿದ.

"ಕೈ ತೆಗಿ," ಎಂದಳು ಬಸಿಲಿಯಾ.

"ಊರೇ ಕ್ಷಮಿಸಿದೆಯಲ್ಲಮ್ಮ."

"ಕಪಿತಾನ್‌ಗೆ ಓಟು ಬೇಕು. ನನಗೇನು ಬೇಕು?"

ಅವನು ಮೇಲೆ ನೋಡಿದ. ಸೂರಿನ ಒಳಮೈಯ ಫ್ಲೆಕ್ಸ್‌ನಲ್ಲಿ ಕಪಿತಾನ್ ಇದ್ದ ಭಾಗವನ್ನು ಆಕೆ ಕತ್ತರಿಸಿ ತೆಗೆದಿದ್ದಳು. ಮೊದಲ ಪದಕ ಗೆದ್ದ, ಮೀಸೆ ಚಿಗುರದ ಆರ್ನಿಲ್ ಒಬ್ಬನೇ ಅಲ್ಲಿದ್ದ.

"ಮೇಲಿರೋ ಆ ಹುಡುಗ ಸೋತ್ರೆ ಯಾರಿಗೂ ಕಾಣದ ಹಾಗೆ ಬಂದು ನನ್ನ ಮಡಿಲಲ್ಲಿ ಅಳ್ತಿದ್ದ," ಎಂದಳು ಬಸಿಲಿಯಾ. "ನೀನು ಊರಿಗೆಲ್ಲ ಕಾಣೋ ಹಾಗೆ ಅತ್ತೆ. ನನಗೊಂದು ಮಾತು ಹೇಳ್ಲಿಲ್ಲ. ಅವನು ಒಳಗೇ ಇರ್ಲಿ. ನೀನು ಬೇಕಾದ್ರೆ ಹೊರಗೆ ಕಪಿತಾನ್ ಪಕ್ಕ ನಿಂತ್ಕೋ."

ಹೊರಗೆ ಕಪಿತಾನ್ ಫೋಟೋಗೆ ಕರೆಯುತ್ತಿದ್ದ. ಆರ್ನಿಲ್ ಸ್ಟೂಲಿನಿಂದ ಇಳಿದ. ಅಳು ಒತ್ತರಿಸಿ ಬಂತು. ಯಾರಿಗೂ ಕಾಣದಿರಲೆಂದು ಜೇಬಿನಿಂದ ಮಾಸ್ಕ್ ತೆಗೆದು ಮತ್ತೆ ಹಾಕಿಕೊಂಡು, ಗೋಡೆಯ ಕಡೆ ತಿರುಗಿ ನಿಂತ.

ಬಸಿಲಿಯಾ ಅವನನ್ನೇ ನೋಡಿದಳು. ಆಮೇಲೆ ಕಾಲಿನಿಂದ ಬೆಂಚನ್ನು ಒಲೆಯ ಹತ್ತಿರಕ್ಕೆ ತಳ್ಳಿದಳು.

"ಬಾ, ಕೂತ್ಕೋ. ಬಿಸಿ ಇದೆ, ಊದ್ಕೊಂಡು ತಿನ್ನು."