ಅಜ್ಜಿಯ ಎಡೆ ಉಂಡ ಕೂಸು

ಆನೆಗೊಂದಿಯ ವಿರುಪಣ್ಣನ ಹೆಂಡತಿ ಮುದುಕವ್ವ ಗಂಗಾವತಿಯ ದವಾಖಾನೆಯಲ್ಲಿ ತೀರಿಕೊಂಡ ಸುದ್ದಿ ಊರು ಮುಟ್ಟಿದ ದಿನವೇ, ಐದು ವರ್ಷದ ಮೊಮ್ಮಗಳು ಯಮನೂರಮ್ಮ ಊಟ ಬಿಟ್ಟಳು. ಅದು ಎಂಬತ್ತೆರಡನೆಯ ಇಸವಿಯ ಶ್ರಾವಣ. ಮೊದಲಿನಿಂದಲೂ ಆ ಕೂಸು ಅಜ್ಜಿ ಬಡಿಸಿದರೆ ಮಾತ್ರ ಉಣ್ಣುತ್ತಿತ್ತು. ಕೂಸಿನ ತಾಯಿ, ಸೊಸೆ ಹುಲಗಮ್ಮ ಅನ್ನ ಸಾರು ಕಲಸಿ ಬಾಯಿಗೆ ಒತ್ತಿದರೆ ಓಕರಿಸಿ ಮೈ ಸೆಟೆಯುತ್ತಿತ್ತು.

ಹನ್ನೊಂದು ದಿನ ಒಳಕೋಣೆಯಲ್ಲಿ ಸತ್ತ ಮುದುಕವ್ವನಿಗೆ ಅವಳ ತಾಟಿನಲ್ಲೇ ಎಡೆ ಇಡಬೇಕಿತ್ತು. ಇಟ್ಟ ರೊಟ್ಟಿ ಉಳಿಯುತ್ತಿರಲಿಲ್ಲ. ನಾಲ್ಕನೆಯ ದಿನ ದೀಪ ಹಚ್ಚುವ ಹೊತ್ತಿಗೆ ಪಡಸಾಲೆಯಲ್ಲಿ ಕುಳಿತ ವಿರುಪಣ್ಣನಿಗೆ ಒಳಗಿನಿಂದ ಸಪ್ಪಳ ಕೇಳಿತು. ಯಾರೋ ನಿಧಾನವಾಗಿ ಖಡಕ್ ರೊಟ್ಟಿ ಕಡಿಯುತ್ತಿದ್ದರು. ಅವನು ಬಾಗಿಲತ್ತ ತಿರುಗಿ ಕರೆದ.

"ಮುದುಕವ್ವಾ?"

ಸಪ್ಪಳ ನಿಂತಿತು. ಮತ್ತೆ ಶುರುವಾಯಿತು.

ದೀಪ ಹಿಡಿದು ಹೋದ. ಸತ್ತವಳ ತಾಟಿನ ಮುಂದೆ, ಅವಳಂತೆಯೇ ಒಂದು ಮೊಣಕಾಲು ಎತ್ತಿ, ಕೂಸು ಕುಳಿತಿತ್ತು. ಪಲ್ಯ ಮುಟ್ಟಿರಲಿಲ್ಲ. ಅವನತ್ತ ನೋಡಲೂ ಇಲ್ಲ.

ನೆರೆಯ ಭೀಮಕ್ಕ ಎದೆ ಬಡಿದುಕೊಂಡಳು. "ಅಯ್ಯ ನಮ್ಮವ್ವ! ಉಣ್ಣಾಕಿ ಕೂಸಲ್ಲೋ ಯಣ್ಣಾ, ನಿನ್ನ ಹೇಣ್ತಿ! ಮೊಮ್ಮಗಳನ್ನ ಕರಕೊಂಡು ಹೋಗಾಕ ಬಂದಾಳ. ರೊಟ್ಟಿ ಇಡಬ್ಯಾಡ್ರಿ. ಹಸದ ಮ್ಯಾಲೆ ಬಿಟ್ಟು ಹೋಗತಾಳ."

ರೊಟ್ಟಿ ನಿಂತಿತು. ಕೂಸು ಎರಡು ದಿನ ಖಾಲಿ ತಾಟಿನ ಮುಂದೆಯೇ ಕುಳಿತಿತ್ತು. ಮೂರನೆಯ ದಿನ ಕುಳಿತುಕೊಳ್ಳುವ ಶಕ್ತಿಯೂ ಉಳಿಯಲಿಲ್ಲ.

ಅಂದು ಊರಿಗೆ ಬಂದಿದ್ದ ಸರ್ಕಾರಿ ನರ್ಸು ಕಾಸೀಮಬೀ ಕೂಸಿನ ಗುಳಿಬಿದ್ದ ಕಣ್ಣು ನೋಡಿದಳು. "ತಿನ್ನೂದು ಅದೊಂದ ಆಗಿತ್ತು. ಅದನ್ನೂ ಯಾಕ ಕಸಗೊಂಡ್ರಿ?"

"ದೆವ್ವನ್ನ ಉಪಾಸ ಕೆಡವಾಕ್ರಿ," ಎಂದಳು ಭೀಮಕ್ಕ.

"ದೆವ್ವ ಮೊದಲ ಸತ್ತೈತಿ ಭೀಮಕ್ಕ, ಅದಕ್ಕೇನಾಕ್ಕೈತಿ? ಸಾಯಾಕತ್ತಿದ್ದು ಕೂಸು!" ಆಮೇಲೆ ವಿರುಪಣ್ಣನತ್ತ ತಿರುಗಿದಳು. "ಯಜಮಾನ್ರ, ಅಜ್ಜಿ ಹೆಂಗ ಉಣಸ್ತಿದ್ದರು?"

ವಿರುಪಣ್ಣ ಖಾಲಿ ತಾಟಿನತ್ತ ಕೈ ತೋರಿಸಿದ. "ಒಣ ರೊಟ್ಟಿರಿ. ತನ್ನ ತಾಟಿನಾಗ. ಪಲ್ಯೆ ಬಾಜೂಕ ಇಡಾಕಿ. ಮುಟ್ಟಿದ್ರ ಮುಟ್ಟಲಿ, ಬಿಟ್ರ ಬಿಡಲಿ ಅಂತಿದ್ಲು."

"ಎಡ್ಯಾಗ ಕೂಸಿಗೆ ಅದ ರೊಟ್ಟಿ, ಅದ ತಾಟು ಸಿಕ್ಕೈತಿ. ಇದು ಹಟ ಅಲ್ರಿ, ಗಾಳೀನೂ ಅಲ್ಲ. ನಿಮ್ಮ ಬಾಯಾಗ ಹಸಿ ಕೆಸರು ತುರುಕಿದ್ರ ಹೆಂಗ? ಈ ಕೂಸಿಗೆ ಮೆತ್ತನ್ನ ಅನ್ನ ಹಂಗ. ಕೆಲವು ಮಕ್ಕಳು ಹಿಂಗ ಇರತಾವ. ಒತ್ತಿದಷ್ಟೂ ಬಾಯಿ ಮುಚ್ಚತಾವ."

ಉಪ್ಪು ಸಕ್ಕರೆಯ ನೀರನ್ನು ಚಮಚದಲ್ಲಿ ಕುಡಿಸಿ, ಗಾಡಿ ಹೂಡಿಸಿ, ತಾನೇ ಜೊತೆಗೆ ಹೋಗಿ ಕೂಸನ್ನು ಡಾಕ್ಟರಿಗೆ ತೋರಿಸಿದಳು. ಕೂಸು ಉಳಿಯಿತು. ಹುಲಗಮ್ಮ ಬಾಯಿಗೆ ಒತ್ತುವುದನ್ನು ಬಿಟ್ಟಳು. ಅತ್ತೆಯ ತಾಟಿನಲ್ಲೇ ಮತ್ತೆ ಒಣ ರೊಟ್ಟಿ ಇಟ್ಟು, ಅದರ ಬದಿಯಲ್ಲಿ ದಿನಾ ಚಿಟಿಕೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಾಕಿ ಸುಮ್ಮನಿದ್ದಳು. ಇಪ್ಪತ್ತು ದಿನ ಕೂಸು ಅದನ್ನು ಬರೀ ನೋಡಿತು, ಆಮೇಲೆ ಮೂಸಿತು. ದಸರೆಯ ಹೊತ್ತಿಗೆ ಬೆರಳು ಅದ್ದಿ ನೆಕ್ಕಿತು. ಆ ಸುದ್ದಿಯನ್ನು ಭೀಮಕ್ಕನೇ ಓಣಿಗೆಲ್ಲ ಸಾರಿ ಬಂದಳು.

ತಾಯಂದಿರೇ, ಹಿರಿಯರೇ, ನಿಮ್ಮ ಮನೆಯ ಕೂಸು ಒಂದೆರಡು ಪದಾರ್ಥ ಬಿಟ್ಟು ಬೇರೇನೂ ಉಣ್ಣದಿದ್ದರೆ ಹೊಡೆಯಬೇಡಿ, ಬಾಯಿಗೆ ತುರುಕಬೇಡಿ. ತಿನ್ನುವ ಒಂದನ್ನು ಎಂದೂ ಕಸಿದುಕೊಳ್ಳಬೇಡಿ. ಹೊಸದನ್ನು ಬದಿಯಲ್ಲಿಟ್ಟು ಕಾಯಿರಿ. ಕೂಸು ಸೊರಗಿದರೆ ತಡಮಾಡದೆ ದವಾಖಾನೆಗೆ ಕರೆದೊಯ್ಯಿರಿ.

ಯಾರೂ ಹೇಳಿಕೊಡದೆ ಇಷ್ಟನ್ನೂ ಅರಿತಿದ್ದ ಮುದುಕವ್ವನನ್ನು ನಾವು ಊರವರು ದೆವ್ವವೆಂದೆವು. ದೇವರೇ, ತಂದೆ ಪಂಪಾಪತಿ, ಆ ತಪ್ಪನ್ನು ಮನ್ನಿಸು. ಆ ತಾಯಿಯ ಜೀವಕ್ಕೆ ನಿನ್ನ ಪಾದದಲ್ಲಿ ಶಾಂತಿ ಕೊಡು.