ನದಿಗೆ ಮುಟ್ಟದ ಸೀರೆ

ಇಚಲಕರಂಜಿಯ ನಮ್ಮ ಪಂಚಗಂಗಾ ಉತ್ಸವದಲ್ಲಿ ನದಿಯೊಂದನ್ನು ಬಿಟ್ಟು ಮಿಕ್ಕ ಎಲ್ಲರಿಗೂ ಸತ್ಕಾರವಾಗುತ್ತದೆ. ಘಾಟಿನ ಹಳೇ ಫೋಟೋಗಳ ಪ್ರದರ್ಶನ ಉದ್ಘಾಟಿಸಿದವರಿಗೆ ಶಾಲು, ಮುಂಜಾನೆ ಹಕ್ಕಿ ತೋರಿಸಿದವರಿಗೆ ಶಾಲು, ಊರಿನ ಇತಿಹಾಸ ಹೇಳಿದವರಿಗೆ ಶಾಲು, ಇವರಿಗೆಲ್ಲ ಶಾಲು ಹೊದಿಸಿ ಸುಸ್ತಾದವರಿಗೆ ಕೊನೆಗೊಂದು ಶಾಲು. ಹೆಂಗಸರಾದರೆ ಸೀರೆ, ಜೊತೆಗೊಂದು ಕುಪ್ಪಸದ ಖಣ. ನಮ್ಮ ಮಂದಿಗೆ ಊಟ ತಡವಾದರೂ ನಡೆಯುತ್ತದೆ, ಸತ್ಕಾರ ತಪ್ಪಿದರೆ ವರ್ಷವಿಡೀ ಮಾತು ಬಿಡುತ್ತಾರೆ.

ಇಷ್ಟೆಲ್ಲದರ ನಡುವೆ ನಿಜವಾಗಿ ನದಿಗೆಂದು ನಡೆಯುತ್ತಿದ್ದ ಕೆಲಸ ಒಂದೇ, ರತ್ನಮಾಲಾಬಾಯಿಯ ಮೇಜಿನದು. ರತ್ನಮಾಲಾ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು, ಉತ್ಸವದ ಮಹಿಳಾ ವಿಭಾಗದ ಹಿರಿಯರು. ನಮ್ಮ ಕಡೆ ಹೆಂಗಸರು ನದಿಗೆ ಉಡಿ ತುಂಬುತ್ತಾರೆ. ತವರಿಗೆ ಬಂದ ಮಗಳಿಗೆ ಕೊಟ್ಟಂತೆ ಸೀರೆ, ಹಸಿರು ಬಳೆ, ಅಕ್ಕಿ, ತೆಂಗಿನಕಾಯಿ ಎಲ್ಲವನ್ನೂ ಹರಿಯುವ ನೀರಿಗೆ ಬಿಡುತ್ತಾರೆ. ಬಿಟ್ಟವರು ಕೈಮುಗಿದು ಮನೆಗೆ ಹೋಗುತ್ತಾರೆ. ಸೀರೆ ಮಾತ್ರ ಎಲ್ಲಿಗೂ ಹೋಗದೆ ನೀರಿನ ಮೇಲೆ ಹಬ್ಬಿದ ಜಲಪರ್ಣಿ ಕಳೆಯಲ್ಲಿ ಸಿಕ್ಕಿ ಕೊಳೆಯುತ್ತದೆ. ರತ್ನಮಾಲಾ ಅದಕ್ಕೊಂದು ದಾರಿ ಹುಡುಕಿದ್ದರು. ಸೀರೆಯನ್ನು ಮೇಜಿಗೆ ಕೊಡಿ, ಅದರ ಸೆರಗನ್ನು ನಾವು ನೀರಿಗೆ ಮುಟ್ಟಿಸುತ್ತೇವೆ, ಆಮೇಲೆ ಯಾರಾದರೂ ಬಡ ಬಸುರಿಗೆ ಕೊಡುತ್ತೇವೆ. ಇದನ್ನು ಒಪ್ಪಿಸಲು ಅವರು ಓಣಿ ಓಣಿ ಅಲೆದಿದ್ದರು. ಕೆಲವರು ಮುಖದ ಮೇಲೆ ಬಾಗಿಲು ಹಾಕಿದ್ದೂ ಉಂಟು. ಆ ಮೇಜಿನ ಬಗ್ಗೆ ಅವರಿಗೆ ಹೆಮ್ಮೆಯಿತ್ತು, ಇರಬೇಕಾದದ್ದೇ.

ಉತ್ಸವದ ಕೊನೆಯ ದಿನ ಮಧ್ಯಾಹ್ನ ದುರ್ಗವ್ವ ಆ ಮೇಜಿಗೆ ಬಂದಳು. ಮಗ್ಗದ ಕಾರ್ಖಾನೆಯೊಂದರಲ್ಲಿ ಕಂಡಕಿಗೆ ನೂಲು ಸುತ್ತುವ ಕೆಲಸ ಅವಳದು. ಟವೆಲಿನಲ್ಲಿ ಸುತ್ತಿ ತಂದಿದ್ದ ಸೀರೆಯನ್ನು ಬಿಚ್ಚಿದಾಗ ಸುತ್ತಲಿನ ಹೆಂಗಸರೆಲ್ಲ ಬಗ್ಗಿ ನೋಡಿದರು. ಕೆಂಪು ಅಂಚಿನ ಹಸಿರು ಇಳಕಲ್ ಸೀರೆ, ಇನ್ನೂ ಮಡಿಕೆ ಮುರಿದಿರಲಿಲ್ಲ.

"ಇದು ಸೊಸಿ ಕುಬಸಕ್ಕಂತ ತಂದ ಸೀರಿರಿ ಬಾಯಾರ," ಎಂದಳು ದುರ್ಗವ್ವ. "ಮೊದಲ್ನೇ ಸಲ ಬಸರಾದಾಗ ತಂದಿದ್ದೆ. ಕುಬಸ ಮಾಡೂ ಏಳನೇ ತಿಂಗಳ ತನಕ ಬಸರ ನಿಲ್ಲಲಿಲ್ಲ. ಎರಡ್ನೇ ಸಲಾನೂ ಹಂಗಽ ಆತು. ಈಗ ಮತ್ತ ಬಸರ ಅದಾಳ. ಇದನ್ನ ಮೊದಲ ಗಂಗವ್ವ ಉಟ್ಕೊಳ್ಳಿ, ಆಮ್ಯಾಲ ನಮ್ಮ ರುತುಜಾ ಹೊಸಾದು ಉಡ್ತಾಳ ಅಂತ ಬೇಡ್ಕೊಂಡೇನಿ."

"ಭಾಳ ಛಲೋ ಮಾಡಿದಿ."

"ನೀರಾಗ ಬಿಡಾಕಽ ಹೊಂಟಿದ್ದೆ ಖರೆ. ನೀವು ಅಂದೀರಿ ಅಂತ ಇಲ್ಲಿ ತಂದೆ. ನೀರ ಮುಟ್ಟಸ್ತೀರಲ್ರಿ?"

"ನನ್ನ ಕೈಲೇ ಮುಟ್ಟಸ್ತೇನಿ, ದುರ್ಗವ್ವ. ಚಿಂತಿ ಮಾಡಬ್ಯಾಡ."

ಆಗ ಆ ಮಾತನ್ನು ಅವರು ಮನಸಾರೆ ಆಡಿದ್ದರು. ಸಂಜೆ ಆರತಿಯ ಹೊತ್ತಿಗೆ ಎಲ್ಲ ಸೀರೆಗಳನ್ನೂ ಒಟ್ಟಿಗೆ ಘಾಟಿಗೆ ಒಯ್ಯುವುದೆಂದು ಇತ್ತು. ಆದರೆ ಆರತಿಗೆ ಮುಂಚೆ ಭಾಷಣಗಳಿದ್ದವು, ಭಾಷಣಗಳಿಗೆ ಮುಂಚೆ ಸತ್ಕಾರ. ಗಡಹಿಂಗ್ಲಜದಿಂದ ಮುಖ್ಯ ಅತಿಥಿಯಾಗಿ ಬಂದ ಬಾಯಿ ತಮ್ಮ ಜೊತೆಗೆ ವಾರಗಿತ್ತಿಯನ್ನೂ ಕರೆತಂದಿದ್ದರು. ಸಮಿತಿಯ ಅಧ್ಯಕ್ಷ ಧನರಾಜ ಬೆವರೊರೆಸಿಕೊಳ್ಳುತ್ತ ಮೇಜಿನ ಹತ್ತಿರ ಓಡಿ ಬಂದ.

"ವೈನಿ, ಪಂಚಾಯತ್ ಝಾಲೀ, ಫಜೀತಿ ಆತು. ಸಾಡಿ ಒಂದ ಕಮಿ ಬಿದ್ದೇತಿ."

"ಅಂಗಡಿಗೆ ಯಾರನ್ನರ ಕಳಸ್ರಿ."

"ಇಬ್ಬರೂ ಸ್ಟೇಜ್ ಮ್ಯಾಲ ಬಂದು ಕೂತಾರ. ಒಬ್ಬರಿಗೆ ಕೊಟ್ಟು ಒಬ್ಬರಿಗೆ ಬಿಟ್ರ ಊರ ಮರ್ಯಾದಿ ಏನ ಉಳೀತದ? ನಿಮ್ಮ ಟೇಬಲ್ ಮ್ಯಾಲ ಇಷ್ಟ ಅದಾವಲ್ರಿ. ಒಂದ ಕೊಡ್ರಿ, ನಾಳೆ ತಂದ ಇಟ್ಟರಾತು."

ರಾಶಿಯಲ್ಲಿ ಇದ್ದದ್ದೆಲ್ಲ ತೆಳ್ಳನೆಯ ಸಾದಾ ಸೀರೆಗಳು. ವೇದಿಕೆಗೆ ಒಪ್ಪುವಂಥದು ಆ ಇಳಕಲ್ ಒಂದೇ. ರತ್ನಮಾಲಾ ಅದರ ಮೇಲೆ ಕೈಯಿಟ್ಟು ಒಂದು ಗಳಿಗೆ ನಿಂತರು. ನದಿಗೆ ಈ ಸೀರೆಯಾದರೇನು, ಬೇರೆ ಸೀರೆಯಾದರೇನು ಎಂದುಕೊಂಡರು. ವಿಜ್ಞಾನ ಕಲಿಸಿದವರಿಗೆ ಇಂಥ ಸಮಾಧಾನ ಬೇಗ ಸಿಗುತ್ತದೆ. ಇನ್ನೂ ಒಂದು ಮಾತು ಹೇಳಿಬಿಡಬೇಕು: ಅಷ್ಟು ಒಳ್ಳೆಯ ಸೀರೆಯನ್ನು ಎಲ್ಲರೆದುರು ತಮ್ಮ ಕೈಯಿಂದ ಕೊಡುವುದು ಅವರಿಗೆ ಬೇಡವೆನಿಸಲಿಲ್ಲ. ಆ ವಾರಗಿತ್ತಿಗೆ ಅದನ್ನೇ ಕೊಟ್ಟರು. ಫೋಟೋ ತೆಗೆದರು.

ಆರತಿ ಮುಗಿದು ಜನ ಕರಗುವಾಗ ದುರ್ಗವ್ವ ಗದ್ದಲದಲ್ಲಿ ದಾರಿ ಮಾಡಿಕೊಂಡು ಅವರ ಹತ್ತಿರ ಬಂದಳು.

"ಬಾಯಾರ, ನಮ್ಮ ಸೀರಿ ಆ ಪಾಹುಣೇರಿಗೆ ಕೊಟ್ರಲ್ರಿ. ನೀರ ಮುಟ್ಟಿಸಿ ಕೊಟ್ರಿಲ್ಲೋ?"

ಅವಳ ದನಿಯಲ್ಲಿ ಜಗಳವಿರಲಿಲ್ಲ. ಬಡ ಬಸುರಿಗೆ ಹೋಗಬೇಕಾದದ್ದು ಸಾಹುಕಾರರ ಮನೆಗೆ ಹೋಯಿತಲ್ಲ ಎಂದೂ ಕೇಳಲಿಲ್ಲ. ನೀರಿನದೊಂದೇ ಕೇಳಿದಳು. ಇಲ್ಲ ಎನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ಮತ್ತೆ ಬರುವಂತಿರಲಿಲ್ಲ.

"ಹೌದು ದುರ್ಗವ್ವ, ಮುಟ್ಟಿಸೇ ಕೊಟ್ಟೆ," ಎಂದರು ರತ್ನಮಾಲಾ.

"ಹಂಗಾದ್ರ ಆತ್ರಿ. ದೊಡ್ಡ ಮನಿ ಮುತ್ತೈದಿ ಉಡ್ತಾಳ, ಬರಕತ್ ಆಗ್ತದ," ಎಂದು ಅವಳು ಅವರ ಕೈಯನ್ನು ಹಣೆಗೊತ್ತಿಕೊಂಡು ಹೋದಳು.

ಅಂದು ರತ್ನಮಾಲಾ ಉಣ್ಣಲಿಲ್ಲ. ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ ಎಂದು ಗಂಡ ಪದ್ಮಕುಮಾರ ಸುಮ್ಮನಾದರು. ಮರುದಿನ ಮುಂಜಾನೆಯೂ ತಟ್ಟೆ ಸರಿಸಿದಾಗ ಮಾತ್ರ ಕೇಳಿದರು. ಹೆಂಡತಿ ಹೇಳಿದ್ದನ್ನೆಲ್ಲ ಕೇಳಿ, ಒಂದು ಸೀರೆಗೆ ಇಷ್ಟೇಕೆ ಮನಸ್ಸಿಗೆ ಹಚ್ಚಿಕೊಳ್ಳುತ್ತಿ, ಬೇರೆ ತಂದರಾಯಿತು ಎಂದರು. ಅವರ ಮಾತು ಸರಿಯಾಗಿಯೇ ಇತ್ತು. ಆದರೆ ರತ್ನಮಾಲಾಗೆ ಎದೆಯಲ್ಲಿ ಚುಚ್ಚುತ್ತಿದ್ದದ್ದು ಸೀರೆಯಲ್ಲ. ನಂಬಿ ಕೇಳಿದವಳಿಗೆ ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳಿದ್ದೆನಲ್ಲ ಎಂದು ಅವರಿಗೆ ತಮ್ಮ ಮೇಲೆಯೇ ಅಸಹ್ಯ ಬಂದಿತ್ತು.

ವಾರ ಕಳೆಯುವುದರೊಳಗೆ ಬಸ್ಸು ಹಿಡಿದು ಗಡಹಿಂಗ್ಲಜಕ್ಕೆ ಹೋದರು. ಮುಖ್ಯ ಅತಿಥಿ ಬಾಯಿ ಚಹಾ ಕೊಟ್ಟು ಉಪಚರಿಸಿದರು. ಸ್ಮರಣ ಸಂಚಿಕೆಗೆ ಆ ಸೀರೆಯ ಫೋಟೋ ಬೇಕಿತ್ತು ಎಂದು ರತ್ನಮಾಲಾ ಇನ್ನೊಂದು ಸುಳ್ಳು ಹೇಳಿದರು.

"ಆ ಹಸರ ಇಳಕಲ್ಲೇನ್ರಿ? ನಮ್ಮ ಜಾವೂಬಾಯಿ, ಅದಽ ನಮ್ಮ ವಾರಗಿತ್ತಿ, ಅದನ್ನ ನನ್ನ ಕಡೇನ ಬಿಟ್ಟಿದ್ರು. ಮೊನ್ನೆ ನಮ್ಮಲ್ಲಿ ಹಿರಣ್ಯಕೇಶಿ ಉತ್ಸವ ಆತಲ್ಲ, ಕೊಲ್ಲಾಪುರದಿಂದ ವ್ಯಾಖ್ಯಾನಕ್ಕ ಒಬ್ಬರು ಮ್ಯಾಡಮ್ ಬಂದಿದ್ರು. ಅವರ ಸತ್ಕಾರಕ್ಕ ಅದನ್ನಽ ಕೊಟ್ವಿ," ಎಂದು ಆ ಬಾಯಿ ನಕ್ಕರು. "ಸತ್ಕಾರದ ಸೀರಿ ಯಾರ ಉಡ್ತಾರ ಹೇಳ್ರಿ. ನಿಮ್ಮಲ್ಲೂ ಹಂಗಽ ಅಲ್ಲೇನು?"

ರತ್ನಮಾಲಾ ಹೌದೆಂದು ನಗಬೇಕಾಯಿತು. ಕೊಲ್ಲಾಪುರದ ಮ್ಯಾಡಮ್‌ಗೆ ಫೋನು ಮಾಡಿದರೆ, ಅವರು ಅದನ್ನು ಯಾವುದೋ ಮದುವೆಯಲ್ಲಿ ಕೊಟ್ಟಾಗಿತ್ತು. ಯಾರಿಗೆಂದು ಅವರಿಗೇ ನೆನಪಿರಲಿಲ್ಲ. ಕೊನೆಗೆ ಕೊಲ್ಲಾಪುರಕ್ಕೇ ಹೋಗಿ ಮಹಾದ್ವಾರ ರಸ್ತೆಯ ಅಂಗಡಿಯಲ್ಲಿ ಅದೇ ಬಣ್ಣದ, ಅದೇ ಅಂಚಿನ ಸೀರೆ ಕೊಂಡರು. ಊರಿಗೆ ಬಂದು ಘಾಟಿಗೆ ಹೋಗಿ, ಜಲಪರ್ಣಿಯನ್ನು ಕೈಯಿಂದ ಸರಿಸಿ, ಸೆರಗನ್ನು ನೀರಿಗೆ ಮುಟ್ಟಿಸಿ "ತಪ್ಪಾತವಾ" ಎಂದರು. ಯಾರಾದರೂ ನೋಡಿದರೇನೋ ಎಂದು ನಾಚಿಕೆಯೂ ಆಯಿತು. ಆ ಸೀರೆಯನ್ನು ದವಾಖಾನೆಯ ದಾಯಿಯ ಮೂಲಕ ಒಬ್ಬ ಬಸುರಿಗೆ ಮುಟ್ಟಿಸಿದರು. ಆದರೂ ಊಟ ರುಚಿಸಲಿಲ್ಲ. ದುರ್ಗವ್ವನಿಗೆ ಹೇಳಿಬಿಡಬೇಕು ಎಂದು ದಿನಾ ಅಂದುಕೊಳ್ಳುವರು, ಬಸುರಿ ಇರುವ ಮನೆಯಲ್ಲಿ ಸುಮ್ಮನೆ ಹೆದರಿಕೆ ಹುಟ್ಟಿಸುವುದೇಕೆ, ಹೆರಿಗೆ ಆಗಲಿ, ಆಮೇಲೆ ಹೇಳಿದರಾಯಿತು ಎಂದು ದಿನಾ ಮುಂದೂಡುವರು. ಕಾರಣ ಒಳ್ಳೆಯದಿತ್ತು. ಅಳುಕುವವರಿಗೆ ಒಳ್ಳೆಯ ಕಾರಣಗಳಿಗೆ ಬರವಿರುವುದಿಲ್ಲ.

ದೀಪಾವಳಿಗೆ ಮುಂಚೆ ರುತುಜಾಳ ಗರ್ಭ ಹೋಯಿತು.

ಸುದ್ದಿ ತಿಳಿದ ದಿನವೇ ರತ್ನಮಾಲಾ ಆ ಓಣಿಗೆ ಹೋದರು. ಎರಡೂ ಬದಿಗೆ ಮಗ್ಗಗಳ ಖಟಪಟ ಸದ್ದು. ದುರ್ಗವ್ವನ ಮನೆಯ ಬಾಗಿಲಲ್ಲಿ ಒಂದು ಬಟ್ಟೆಯ ಚೀಲ ತುಂಬಿ ಇಟ್ಟಿತ್ತು. ಅದರ ಪಕ್ಕದಲ್ಲಿ ದುರ್ಗವ್ವನ ಮಗ ವೈಭವ ಎತ್ತಲೋ ನೋಡುತ್ತ ನಿಂತಿದ್ದ. ಒಳಗೆ ಗೋಡೆಗೆ ಒರಗಿ ರುತುಜಾ ಕುಳಿತಿದ್ದಳು, ಮುಖದಲ್ಲಿ ರಕ್ತವಿರಲಿಲ್ಲ. ಚೀಲ ಅವಳದೇ. ದಾನೋಳಿಯಿಂದ ಅವಳ ಅಣ್ಣ ಕರೆದೊಯ್ಯಲು ಬರುವವನಿದ್ದ.

"ಈ ಮೈಯಾಗ ಎಲ್ಲಿ ಕಳಸ್ತಿ ದುರ್ಗವ್ವ?"

"ತವರಿಗೆ ಹೋಗ್ಲಿ. ಮತ್ತ ಬರೂದು ಬ್ಯಾಡ," ಎಂದಳು ದುರ್ಗವ್ವ. ಅತ್ತು ಅತ್ತು ಅವಳ ದನಿ ಒಡೆದಿತ್ತು. "ನೀವಽ ಹೇಳ್ರಿ ಬಾಯಾರ, ಏನ ಕಡಿಮಿ ಮಾಡೇನಿ? ಕುಬಸದ ಸೀರಿ ಗಂಗವ್ವಗ ಕೊಟ್ಟೆ. ಆಕಿ ಉಟ್ಟಾಳ, ನೀವು ನಿಮ್ಮ ಕೈಲೇ ಮುಟ್ಟಿಸೀರಿ. ದೇವರ ಕಡೆ ಕಡಿಮಿ ಇಲ್ಲ, ನಿಮ್ಮ ಕಡೆ ಇಲ್ಲ, ನನ್ನ ಕಡೆ ಇಲ್ಲ. ಮತ್ತ ಉಳದಾಕಿ ಯಾರು? ಇಕೀದಽ ದೋಷ. ನನ್ನ ಮಗಗ ಬ್ಯಾರೆ ಹೆಣ್ಣ ನೋಡ್ತೇನಿ."

ರತ್ನಮಾಲಾ ಮೊದಲು ತಮಗೆ ಗೊತ್ತಿದ್ದ ದಾರಿಯಲ್ಲೇ ಹೋದರು. ಡಾಕ್ಟರು ಏನೆಂದರು, ರಕ್ತ ತಪಾಸಣೆ ಆಯಿತೇ, ಗಂಡನನ್ನೂ ತಪಾಸಿಸಬೇಕು, ಕೊಲ್ಲಾಪುರಕ್ಕೆ ನಾನೇ ಕರೆದೊಯ್ಯುತ್ತೇನೆ. ಪಾಠ ಮಾಡುವ ದನಿಯಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದರು. ದುರ್ಗವ್ವ ಕೇಳಿಸಿಕೊಳ್ಳಲಿಲ್ಲ. ಉತ್ತರ ಕೊಟ್ಟವಳು ರುತುಜಾ.

"ಬ್ಯಾಡ್ರಿ ಬಾಯಾರ. ಅತ್ತಿ ಅನ್ನೂದು ಖರೆ ಅದ. ಗಂಗವ್ವನ ಕೈಲೂ ಆಗಲಿಲ್ಲಂದ್ರ ನನ್ನ ಮೈಯಾಗಽ ಏನೋ ಕೆಟ್ಟದ್ದು ಅದ."

ಆ ಹುಡುಗಿ ಅದನ್ನು ತೀರ ಸಮಾಧಾನದಿಂದ ಹೇಳಿದಳು, ನಂಬಿಬಿಟ್ಟಿದ್ದಳು. ತಾವು ಆಡಿದ ಒಂದು ಸುಳ್ಳನ್ನು ಹಿಡಿದುಕೊಂಡು ಅವಳು ತನ್ನನ್ನು ತಾನೇ ಶಪಿಸಿಕೊಳ್ಳುತ್ತಿದ್ದಾಳೆ ಎಂದು ರತ್ನಮಾಲಾಗೆ ಅರ್ಥವಾಯಿತು.

"ಸೀರಿ ನೀರ ಮುಟ್ಟಿಲ್ಲ ದುರ್ಗವ್ವ," ಎಂದರು.

"ಆಂ?"

"ನಾ ಮುಟ್ಟಸಲಿಲ್ಲ. ಹಂಗಽ ಕೊಟ್ಟುಬಿಟ್ಟೆ. ನೀ ಕೇಳಿದಾಗ ಸುಳ್ಳ ಹೇಳಿದೆ."

ದುರ್ಗವ್ವ ನಿಂತಲ್ಲೇ ನೆಲಕ್ಕೆ ಕುಸಿದು ಕುಳಿತಳು. "ಯಾಕ್ರಿ?"

"ಸ್ಟೇಜ್ ಮ್ಯಾಲ ಸತ್ಕಾರಕ್ಕ ಒಂದ ಸೀರಿ ಕಮಿ ಬಿದ್ದಿತ್ತು."

ಆ ಕಾರಣವನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಕೇಳಿಸಿಕೊಳ್ಳಲು ಅವರಿಗೇ ಆಗಲಿಲ್ಲ. ಅವರ ನಾಲಿಗೆಯ ತುದಿಯಲ್ಲಿ ಇನ್ನೊಂದು ಮಾತಿತ್ತು: ಸೀರೆ ನೀರಿಗೆ ಮುಟ್ಟಲಿಲ್ಲವೆಂದು ಗರ್ಭ ಹೋಗುವುದಿಲ್ಲ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಅದು ಸತ್ಯವಾಗಿತ್ತು, ಅವರು ಜೀವಮಾನವಿಡೀ ಕಲಿಸಿದ್ದೂ ಅದನ್ನೇ. ಆದರೆ ಈಗ ಅದನ್ನು ಹೇಳಿದರೆ ಆ ದೋಷವೆಲ್ಲ ಮತ್ತೆ ಗೋಡೆಗೆ ಒರಗಿ ಕುಳಿತವಳ ತಲೆಗೇ ಹೋಗುತ್ತಿತ್ತು. ಅವರು ಆ ಮಾತನ್ನು ನುಂಗಿಕೊಂಡರು.

ರುತುಜಾ ಗೋಡೆ ಬಿಟ್ಟು ಮುಂದೆ ಸರಿದಳು. "ಹಂಗಾದ್ರ ನನ್ನ ಮೈಯಾಗ ಏನೂ ಇಲ್ಲೇನ್ರಿ?"

"ಏನೂ ಇಲ್ಲವಾ. ನಿಂದೇನೂ ತಪ್ಪಿಲ್ಲ."

"ಎಲ್ಲಾ ಆ ಸೀರೀದಽ?"

"ನಂದು," ಎಂದರು ರತ್ನಮಾಲಾ.

ಆಗ ರುತುಜಾ ಅತ್ತಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಅತ್ತಿರಲಿಲ್ಲ ಎಂದು ವೈಭವ ಗಾಬರಿಯಾಗಿ ಒಳಗೆ ಬಂದದ್ದರಿಂದಲೇ ತಿಳಿಯುತ್ತಿತ್ತು. ದುರ್ಗವ್ವ ಕುಳಿತಲ್ಲಿಂದಲೇ ತೆವಳಿಕೊಂಡು ಹೋಗಿ ಸೊಸೆಯ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. "ನಿನಗ ಏನೇನೋ ಅಂದೆನಲ್ಲವಾ, ನನ್ನ ಬಾಯಿಗೆ ಮಣ್ಣ ಬೀಳಲಿ," ಎಂದು ಅವಳ ಕೂದಲು ಸವರುತ್ತ ತಾನೂ ಅತ್ತಳು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅಳುವುದನ್ನು ರತ್ನಮಾಲಾ ನಿಂತು ನೋಡಿದರು. ಹತ್ತಿರ ಹೋಗುವ ಹಕ್ಕು ಅವರಿಗಿರಲಿಲ್ಲ.

ಬಹಳ ಹೊತ್ತಿನ ಮೇಲೆ ರುತುಜಾ ಅತ್ತೆಯ ತೊಡೆಯಿಂದ ತಲೆಯೆತ್ತಿ ಅವರನ್ನು ನೋಡಿದಳು. ಆ ಕಣ್ಣಲ್ಲಿ ತನ್ನ ಬಗ್ಗೆ ಇದ್ದ ಅನುಮಾನ ಹೋಗಿತ್ತು. ಬೇರೆ ಏನೋ ಬಂದಿತ್ತು.

"ಬಾಯಾರ," ಎಂದಳು, "ನಮ್ಮ ಸೀರಿ ಸ್ಟೇಜ್ ಮ್ಯಾಲ ಆಕೀ ಕೈಯಾಗ ಛಂದ ಕಾಣಸ್ತಿತ್ತೇನ್ರಿ?"

ರತ್ನಮಾಲಾಗೆ ಉತ್ತರ ಗೊತ್ತಿತ್ತು. ಛಂದ ಕಾಣಿಸಿತ್ತು.

"ನೀವು ಹೋಗ್ರಿ," ಎಂದಳು ದುರ್ಗವ್ವ, ಸೊಸೆಯ ಮುಖವನ್ನು ತನ್ನ ಸೆರಗಿನಿಂದ ಒರೆಸುತ್ತ. ಆಮೇಲೆ ಮಗನಿಗೆ, "ಆ ಚೀಲ ಒಳಗ ತಂದ ಇಡು. ಇಕಿ ಅಣ್ಣಗ ಫೋನ್ ಮಾಡು, ಬರೂದು ಬ್ಯಾಡ ಅನ್ನು," ಎಂದಳು.

ರತ್ನಮಾಲಾ ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುವಾಗ ವೈಭವ ಅವರ ಪಕ್ಕದಲ್ಲೇ ಬಗ್ಗಿ ಚೀಲ ಎತ್ತಿಕೊಂಡ. ಅವರ ಮುಖ ನೋಡಲಿಲ್ಲ. ಚೀಲವನ್ನು ಒಳಗಿಟ್ಟು, ಬಾಗಿಲು ಮುಂದೆ ಮಾಡಿದ.